ವೈಫೈ ಬರ್ತಿಲ್ಲ ಅಂದವರಿಗೆ ಮೊದಲ ಉತ್ತರ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಮನೆಯಲ್ಲಿರುವ ಲ್ಯಾಪ್‌ಟಾಪ್ ಚೆನ್ನಾಗೇ ಇದೆ, ಆದರೆ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ಹೊಸದು ಕೊಳ್ಳಲು ದುಡ್ಡಿಲ್ಲ, ಇದ್ದರೂ ಮನಸ್ಸಿಲ್ಲ. ಇಂಥವರಲ್ಲಿ ಎಷ್ಟೋ ಜನ ಗೆಳೆಯರ ಮಾತು ಕೇಳಿ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಬಗೆಗಳಾದ (ಇವಕ್ಕೆ ಡಿಸ್ಟ್ರೋ ಅನ್ನುತ್ತಾರೆ) ಉಬುಂಟುವನ್ನೋ ಲಿನಕ್ಸ್ ಮಿಂಟನ್ನೋ ಹಾಕಿಕೊಳ್ಳುತ್ತಾರೆ. ಒಳ್ಳೆಯ ಕೆಲಸವೇ. ಹಾಕಿದ ಮೇಲೆ ಏನೋ ಒಂದು ಕೈಕೊಡುತ್ತದೆ, ಆಗ ಯಾವುದಾದರೂ ಫೋರಂಗೋ ಟೆಲಿಗ್ರಾಂ ಗುಂಪಿಗೋ ಬಂದು ಕೇಳುತ್ತಾರೆ: "ಸರ್, ಉಬುಂಟು ಹಾಕಿದೆ, ವೈಫೈ ಬರ್ತಿಲ್ಲ. ಏನ್ ಮಾಡ್ಲಿ?"

ನನ್ನದು ಸರ್ವರ್ ನೋಡಿಕೊಳ್ಳುವ ಕೆಲಸ. ಬಿಡುವಿದ್ದಾಗ ಇಂಥ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ, ಒಂದೆರಡು ಗುಂಪುಗಳಲ್ಲಿ ಜಗಳ ಬಿಡಿಸುವ ಹೊಣೆಯೂ ನನ್ನ ಮೇಲಿದೆ. ಈ ಒಂದು ಸಾಲಿನ ಪ್ರಶ್ನೆಯ ಕೆಳಗೆ ಏನೇನು ಬರುತ್ತದೆ ಅಂತ ನೋಡಿದರೆ ಬೇಜಾರಾಗುತ್ತದೆ. ಮೊದಲನೆಯವರು "ಉಬುಂಟು ಯಾಕೆ ಹಾಕಿದ್ರಿ, ಮಿಂಟ್ ಹಾಕಿ" ಎನ್ನುತ್ತಾರೆ. ಎರಡನೆಯವರು "ಮಿಂಟೂ ಅದೇ, ಫೆಡೋರಾ ಹಾಕಿ" ಎನ್ನುತ್ತಾರೆ. ಮೂರನೆಯವರು "ಗೂಗಲ್ ಮಾಡೋಕೆ ಬರಲ್ವಾ" ಅಂತ ಕೇಳುತ್ತಾರೆ. ನಾಲ್ಕನೆಯವರು ತಾವು ಓದಿಯೂ ನೋಡದ ಚಾಟ್‌ಜಿಪಿಟಿ ಉತ್ತರವನ್ನು ಇಡಿಯಾಗಿ ಅಂಟಿಸುತ್ತಾರೆ. ಅಷ್ಟು ಹೊತ್ತಿಗೆ ಮಿಂಟಿನವರಿಗೂ ಫೆಡೋರಾದವರಿಗೂ ಏಕವಚನದಲ್ಲಿ ಮಾತು ಶುರುವಾಗಿರುತ್ತದೆ, ಕೇಳಿದವರು ಸದ್ದಿಲ್ಲದೆ ಗುಂಪು ಬಿಟ್ಟು ಹೋಗಿರುತ್ತಾರೆ.

ಇಷ್ಟು ಮಾತಾಡಿದರೂ ಆ ಲ್ಯಾಪ್‌ಟಾಪಿನಲ್ಲಿ ಯಾವ ವೈಫೈ ಕಾರ್ಡ್ ಇದೆ ಎಂದು ಒಬ್ಬರೂ ಕೇಳಿರುವುದಿಲ್ಲ, ಗಮನಿಸಿ. ಇಂಥ ಜಗಳಗಳು ಹೆಚ್ಚಾಗಿ ಹುಟ್ಟುವುದೇ ಅಲ್ಲಿ. ವಿಷಯ ಗೊತ್ತಿಲ್ಲದಿದ್ದಾಗ ಪ್ರತಿಯೊಬ್ಬರೂ ಊಹೆ ಮಾಡುತ್ತಾರೆ. ಊಹೆಗೆ ಸಾಕ್ಷಿ ಇಲ್ಲದ ಕಾರಣ ಜೋರು ಮಾಡಿ ಗೆಲ್ಲಬೇಕಾಗುತ್ತದೆ. ಕಾರ್ಡಿನ ಹೆಸರು ಗೊತ್ತಾದ ಕೂಡಲೇ ಅರ್ಧ ಜನ ತಾವಾಗಿಯೇ ಸುಮ್ಮನಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಅದಕ್ಕೇ ಮೊದಲ ಉತ್ತರ ಒಂದು ಪ್ರಶ್ನೆಯಾಗಿದ್ದರೆ ಒಳ್ಳೆಯದು. ಒಂದೇ ಒಂದು, ಹೊಸಬರು ಮಾಡಬಲ್ಲಂಥದ್ದು. "ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ತೆಗೆದು ಎಲ್‌ಎಸ್‌ಪಿಸಿಐ ಅಂತ ಹೊಡೆಯಿರಿ, ಅದಾದ ಮೇಲೆ ಒಂದು ಸ್ಪೇಸ್ ಬಿಟ್ಟು ಹೈಫನ್, ಎನ್, ಎನ್, ಕೆ. ಬಂದದ್ದರಲ್ಲಿ ನೆಟ್‌ವರ್ಕ್ ಅಂತ ಇರುವ ಸಾಲು, ಅದರ ಕೆಳಗಿನ ಮೂರ್ನಾಲ್ಕು ಸಾಲು ಕಳಿಸಿ." ಕಾರ್ಡ್ ಯಾರದ್ದು, ಅದರ ಗುರುತಿನ ಸಂಖ್ಯೆ ಏನು, ಸದ್ಯ ಅದನ್ನು ಯಾವ ಡ್ರೈವರ್ ತಂತ್ರಾಂಶ ನಡೆಸುತ್ತಿದೆ ಎಂಬುದೆಲ್ಲ ಆ ನಾಲ್ಕು ಸಾಲಿನಲ್ಲೇ ಬರುತ್ತದೆ. ಯುಎಸ್‌ಬಿ ಡಾಂಗಲ್ ಆಗಿದ್ದರೆ ಎಲ್‌ಎಸ್‌ಯುಎಸ್‌ಬಿ ಎಂಬ ಕಮಾಂಡ್ ಸಾಕು. ಎರಡೂ ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸುವುದಿಲ್ಲ, ಇರುವುದನ್ನು ತೋರಿಸುತ್ತವೆ ಅಷ್ಟೆ. ಈ ಮಾತನ್ನೂ ಜೊತೆಗೆ ಬರೆಯಿರಿ. ಟರ್ಮಿನಲ್ ಅಂದರೇ ಹೆದರುವವರಿಗೆ ಅದರಿಂದ ಎಷ್ಟು ಧೈರ್ಯ ಬರುತ್ತದೆ ಎಂಬುದು ನಮ್ಮಂಥ ಹಳಬರಿಗೆ ಮರೆತುಹೋಗಿರುತ್ತದೆ.

ಇಲ್ಲೊಂದು ಮಾತು. ಪರದೆಯ ಫೋಟೋ ಕಳಿಸಿದವರನ್ನು ಬೈಯುವ ಚಾಳಿ ಎಲ್ಲ ಕಡೆ ಇದೆ. ಅಕ್ಷರವಾಗಿ ಅಂಟಿಸಿದರೆ ಹುಡುಕಲು ಸುಲಭ, ನಿಜ. ಆದರೆ ವೈಫೈ ಇಲ್ಲದ ಲ್ಯಾಪ್‌ಟಾಪಿನಿಂದ ಅವರು ಅಂಟಿಸುವುದಾದರೂ ಹೇಗೆ? ಮೊಬೈಲಿನಲ್ಲಿ ಫೋಟೋ ತೆಗೆಯುವುದೊಂದೇ ಅವರಿಗಿರುವ ದಾರಿ. ಹಾಗಾಗಿ ಬೈಯುವ ಬದಲು ಯುಎಸ್‌ಬಿ ಟೆದರಿಂಗ್ ಹೇಳಿಕೊಡಿ: ಫೋನನ್ನು ಕೇಬಲ್‌ನಿಂದ ಸಿಕ್ಕಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿದರೆ ಹೆಚ್ಚಿನ ಲಿನಕ್ಸ್‌ಗಳಲ್ಲಿ ಇಂಟರ್ನೆಟ್ ತಾನಾಗಿಯೇ ಬರುತ್ತದೆ. ಆಮೇಲೆ ಅಂಟಿಸುವುದೂ ಆಗುತ್ತದೆ, ಡ್ರೈವರ್ ಇಳಿಸಿಕೊಳ್ಳುವುದೂ ಆಗುತ್ತದೆ.

ಈಗ ಆ ನಾಲ್ಕು ಸಾಲಿನಲ್ಲಿ ಬ್ರಾಡ್‌ಕಾಮ್ ಬಿಸಿಎಂ43142 ಅಂತ ಬಂತು ಅಂದುಕೊಳ್ಳಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಇದಕ್ಕೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿರುವ ಮುಕ್ತ ಡ್ರೈವರ್ ಸಾಲದು, ಬ್ರಾಡ್‌ಕಾಮ್‌ನದೇ ಆದ ಡಬ್ಲ್ಯೂಎಲ್ ಡ್ರೈವರ್ ಬೇಕು. ಉಬುಂಟುವಿನಲ್ಲಿ 'ಅಡಿಷನಲ್ ಡ್ರೈವರ್ಸ್' ತೆರೆದರೆ ಅದು ಕಾಣುತ್ತದೆ, ಆರಿಸಿದರೆ ಸಾಕು. ಅಂದಮೇಲೆ ಫೆಡೋರಾ ಹಾಕಿ, ಮಿಂಟ್ ಹಾಕಿ ಎಂಬ ಸಲಹೆಗಳಿಗೂ ಈ ತೊಂದರೆಗೂ ಸಂಬಂಧವೇ ಇರಲಿಲ್ಲ. ಕಾರ್ಡ್ ಅದೇ, ಕರ್ನಲ್ಲೂ ಹೆಚ್ಚುಕಡಿಮೆ ಅದೇ.

ಡ್ರೈವರ್ ಹಾಕಿದರೂ ವೈಫೈ ಬರಲಿಲ್ಲ ಎಂದು ಅವರು ಮತ್ತೆ ಬರುತ್ತಾರೆ. ಜಾಸ್ತಿ ತಾಳ್ಮೆ ಬೇಕಾಗುವುದು ಇಲ್ಲಿ. "ಹೇಳಿದ್ದು ಸರಿಯಾಗಿ ಮಾಡಿಲ್ಲ" ಎಂದು ರೇಗುವ ಮುಂಚೆ ಇನ್ನೊಂದು ಸಾಲು ಕೇಳಿ: ಮಾಡ್‌ಪ್ರೋಬ್ ಕಮಾಂಡಿನಿಂದ ಆ ಡ್ರೈವರನ್ನು ಕೈಯಾರೆ ಎಬ್ಬಿಸಿದರೆ ಏನು ಹೇಳುತ್ತದೆ? 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅಂತ ಬಂದರೆ ಕಾರಣ ಸೆಕ್ಯೂರ್ ಬೂಟ್ ಎಂಬ ಕಾವಲು ವ್ಯವಸ್ಥೆ. ನಂಬಿಕೆಯ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುತ್ತಿಲ್ಲ ಎಂದರ್ಥ. ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳಿರುತ್ತದೆ. ಮರುಚಾಲೂ ಆದಾಗ ನೀಲಿ ಪರದೆ ಬರುತ್ತದೆ, ಮೇಲೆ ಎಂಒಕೆ (ಯಂತ್ರದ ಮಾಲೀಕರ ಕೀ) ಅಂತ ಏನೋ ಇರುತ್ತದೆ. ಅಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆದರೆ ಮೊದಲ ಆಯ್ಕೆ 'ಕಂಟಿನ್ಯೂ ಬೂಟ್', ಮತ್ತು ಹತ್ತು ಸೆಕೆಂಡ್ ಏನೂ ಒತ್ತದಿದ್ದರೆ ಪರದೆ ತಾನೇ ಮುಂದೆ ಹೋಗಿಬಿಡುತ್ತದೆ. ವಿಂಡೋಸ್‌ನ ನೀಲಿ ಪರದೆ ಕಂಡು ಬೆಚ್ಚಿದವರಿಗೆ ಇದೂ ಅಂಥದ್ದೇ ಅನಿಸುತ್ತದೆ, ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ಅವರು ಹೇಳಿದ್ದನ್ನೆಲ್ಲ ಸರಿಯಾಗಿಯೇ ಮಾಡಿದ್ದರು, ಆ ಪರದೆಯ ಬಗ್ಗೆ ಅವರಿಗೆ ಹೇಳಿದವರೇ ಇರಲಿಲ್ಲ. ಎಂಒಕೆಯುಟಿಲ್ ಎಂಬ ಕಮಾಂಡ್ ಬಳಸಿ ಆ ಪರದೆಯನ್ನು ಇನ್ನೊಮ್ಮೆ ಬರಿಸಬಹುದು. ಈ ಸಲ ಏನು ಕಾಣುತ್ತದೆ, ಏನು ಒತ್ತಬೇಕು, ಪಾಸ್‌ವರ್ಡ್ ಹೊಡೆಯುವಾಗ ಅಕ್ಷರ ಕಾಣುವುದಿಲ್ಲ ಎಂಬುದನ್ನೆಲ್ಲ ಮುಂಚೆಯೇ ಹೇಳಿ.

ಇನ್ನೊಂದು ಬಗೆಯ ಪ್ರಶ್ನೆ ಇದೆ, ನಮ್ಮ ಕನ್ನಡದವರದೇ. "ಉಬುಂಟುವಿನಲ್ಲಿ ವೈನ್ ಹಾಕಿ ನುಡಿ ಓಡಿಸೋದು ಹೇಗೆ?" ನುಡಿ ವಿಂಡೋಸ್‌ಗೆಂದು ಮಾಡಿದ ಕನ್ನಡ ಬರೆಯುವ ತಂತ್ರಾಂಶ, ವೈನ್ ಅಂದರೆ ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ. ಕೆಲವರು ವೈನ್ ಬಗ್ಗೆ ಉದ್ದುದ್ದ ಬರೆಯುತ್ತಾರೆ, ಕೆಲವರು ಹಳೆಯ ತಂತ್ರಾಂಶ ಬಳಸುತ್ತಾರೆಂದು ಕೊಂಕು ಮಾತಾಡುತ್ತಾರೆ. ಕೇಳಿದವರು ಶಾಲೆಯ ಮೇಷ್ಟ್ರೋ ಡಿಟಿಪಿ ಮಾಡುವವರೋ ಆಗಿರುತ್ತಾರೆ. ಅವರಿಗೆ ಬೇಕಿರುವುದು ಏನು ಎಂದು ಒಂದು ಮಾತು ಕೇಳಿ ನೋಡಿ. ಕೈಗೆ ಪಳಗಿದ ಕೀಗಳಲ್ಲಿ ಕನ್ನಡ ಹೊಡೆಯಬೇಕು, ಅಷ್ಟೇ ಆಗಿದ್ದರೆ ವೈನ್ ಬೇಕಾಗಿಯೇ ಇಲ್ಲ. ನುಡಿಯವರು ಬಳಸುವ ಕನ್ನಡ ಗಣಕ ಪರಿಷತ್ತಿನ ಕೀ ಜೋಡಣೆ ಲಿನಕ್ಸ್‌ನಲ್ಲೂ ಇದೆ. ಐಬಸ್‌ಗೆ (ಬೇರೆ ಬೇರೆ ಭಾಷೆ ಹೊಡೆಯಲು ಲಿನಕ್ಸ್‌ನಲ್ಲಿರುವ ಸಾಧನ) ಎಂ17ಎನ್ ಪ್ಯಾಕೇಜ್ ಹಾಕಿಕೊಂಡು, ಒಮ್ಮೆ ಲಾಗ್‌ಔಟ್ ಆಗಿ ಬಂದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಕಾಣುತ್ತದೆ. ಹಳೆಯ ನುಡಿ ಕಡತಗಳನ್ನು ತೆರೆಯಬೇಕು ಎಂದಾದರೆ ಅದು ಬೇರೆಯೇ ತೊಂದರೆ. ಅವು ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಲ್ಲ, ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ, ಪರಿವರ್ತಕಕ್ಕೆ ಹಾಕಬೇಕು. ಒಂದೇ ಪ್ರಶ್ನೆಯ ಹಿಂದೆ ಎರಡು ಅಗತ್ಯ ಇವೆ, ಎರಡಕ್ಕೂ ದಾರಿ ಬೇರೆ ಬೇರೆ. "ಯಾಕೆ ಬೇಕು?" ಎಂದು ಮೆತ್ತಗೆ ಕೇಳದೆ ಇದು ಗೊತ್ತಾಗುವುದಿಲ್ಲ.

ಕೇಳುವವರ ಕಡೆಯಿಂದಲೂ ಒಂದಿಷ್ಟು ಬೇಕು, ಇಲ್ಲ ಅನ್ನುವುದಿಲ್ಲ. ಲ್ಯಾಪ್‌ಟಾಪಿನ ಮಾದರಿ, ಲಿನಕ್ಸ್‌ನ ಹೆಸರು ಮತ್ತು ಆವೃತ್ತಿ, ಪರದೆ ಮೇಲೆ ಬಂದ ಮಾತು ಇದ್ದ ಹಾಗೇ, ಈಗಾಗಲೇ ಏನೇನು ಮಾಡಿ ನೋಡಿದ್ದೀರಿ ಎಂಬುದು. ಈ ಕೊನೆಯದನ್ನು ಮುಚ್ಚಿಡಬೇಡಿ. ಯೂಟ್ಯೂಬ್ ನೋಡಿ ಹತ್ತು ಕಮಾಂಡ್ ಹೊಡೆದಿದ್ದರೆ ಅದನ್ನೂ ಹೇಳಿ, ಯಾಕಂದರೆ ಈಗಿರುವ ತೊಂದರೆ ಅವುಗಳಿಂದಲೇ ಬಂದಿರಬಹುದು. ಉಬುಂಟು 14.04, 16.04ರ (ಅಂದರೆ 2014, 2016ರ) ಕಾಲದ ಸಲಹೆಗಳು ಈಗಲೂ ಹುಡುಕಾಟದಲ್ಲಿ ಮೇಲೆ ಬರುತ್ತವೆ. ಆಗ ಸರಿಯಿದ್ದದ್ದು ಈಗ ಕೆಡಿಸಬಹುದು. ಗೊತ್ತಿಲ್ಲದವರು ಕೊಟ್ಟ ಕಮಾಂಡಿನಲ್ಲಿ ಸುಡೋ (ಪೂರ್ತಿ ಅಧಿಕಾರದಿಂದ ನಡೆಸು ಎಂಬ ಪದ) ಇದ್ದರೆ ಅದು ಏನು ಮಾಡುತ್ತದೆ ಎಂದು ಕೇಳಿ ತಿಳಿದೇ ಹೊಡೆಯಿರಿ. ಹಾಗೆ ಕೇಳಿದರೆ ಸಿಟ್ಟಾಗುವವರ ಕಮಾಂಡ್ ನಿಮಗೆ ಬೇಡ. ತಮಾಷೆಗೆ ಅಂತ ಹೊಸಬರಿಗೆ ಡಿಸ್ಕ್ ಅಳಿಸುವ ಕಮಾಂಡ್ ಕೊಡುವವರೂ ಇದ್ದಾರೆ. ನಾನು ನೋಡಿಕೊಳ್ಳುವ ಗುಂಪಿನಲ್ಲಿ ಹಾಗೆ ಮಾಡಿದವರಿಗೆ ಎರಡನೇ ಅವಕಾಶ ಕೊಡುವುದಿಲ್ಲ. ಬೈಗುಳವನ್ನಾದರೂ ಕ್ಷಮಿಸಬಹುದು, ಯಾರದೋ ಮಗುವಿನ ಫೋಟೋಗಳು ಅಳಿಸಿಹೋದರೆ ಮತ್ತೆ ಬರುವುದಿಲ್ಲ.

ಆದರೂ ಹೊಣೆ ಜಾಸ್ತಿ ಇರುವುದು ಉತ್ತರ ಕೊಡುವವರ ಮೇಲೆಯೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏನು ಹೇಳಬೇಕು ಎಂದು ಹೊಸಬರಿಗೆ ಗೊತ್ತಿದ್ದರೆ ಅವರು ಅರ್ಧ ಉತ್ತರವನ್ನು ತಾವೇ ಹುಡುಕಿಕೊಂಡಿರುತ್ತಿದ್ದರು, ಅಲ್ವಾ? ಆರ್ಚ್ ಲಿನಕ್ಸ್‌ನಂಥ ಕಡೆ ಮೊದಲು ವಿಕಿ ಓದಿ ಬನ್ನಿ ಎನ್ನುತ್ತಾರೆ. ಅದನ್ನು ಹಾಕಿಕೊಳ್ಳುವವರು ತಿಳಿದೇ ಹಾಕಿಕೊಂಡಿರುತ್ತಾರೆ, ಅಲ್ಲಿಗೆ ಅದು ಸರಿ. ಅವರ ವಿಕಿ ಯಾವ ಲಿನಕ್ಸ್‌ನವರಿಗೂ ಉಪಯೋಗಕ್ಕೆ ಬರುವಷ್ಟು ಚೆನ್ನಾಗಿದೆ. ಹೊಸಬರಿಗೆಂದೇ ತೆರೆದ ಜಾಗದಲ್ಲಿ ಅದೇ ಮಾತನ್ನು ಮುಖಕ್ಕೆ ಎಸೆದರೆ ಬಾಗಿಲು ಹಾಕಿದ ಹಾಗೆ. ಓದಲಿ ಅಂತ ನಿಜಕ್ಕೂ ಇದ್ದರೆ ಯಾವ ಪುಟದ ಯಾವ ಭಾಗ ಎಂದು ತೋರಿಸಿ.

ಲಿನಕ್ಸ್ ಶುರುವಾದದ್ದೇ ಹೀಗೆ ಕೇಳುವುದರಿಂದ. 1991ರ ಜುಲೈ 3ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುವವರ ಸುದ್ದಿಗುಂಪಿನಲ್ಲಿ, ಪಾಸಿಕ್ಸ್ (ಆಪರೇಟಿಂಗ್ ಸಿಸ್ಟಂಗಳು ಪಾಲಿಸುವ ಒಂದು ಮಾನದಂಡ) ನಿಯಮಗಳು ಎಲ್ಲಿ ಸಿಗುತ್ತವೆ, ಯಾರಾದರೂ ಹೇಳುತ್ತೀರಾ ಎಂದು ಕೇಳಿದರು. ಆಗಸ್ಟ್ 25ರಂದು ಅದೇ ಗುಂಪಿನಲ್ಲಿ, ಹವ್ಯಾಸಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ನಿಮಗೆ ಏನು ಬೇಕು ಎಂದು ಕೇಳಿದರು. ಆಗ ಅವರಿಗೆ 21 ವರ್ಷ. ಮಾರನೇ ವರ್ಷದ ಜನವರಿಯಲ್ಲಿ ಮಿನಿಕ್ಸ್ ಬರೆದ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್, ಲಿನಕ್ಸ್‌ನ ವಿನ್ಯಾಸ ಹಳತಾದದ್ದು, ನೀನು ನನ್ನ ವಿದ್ಯಾರ್ಥಿ ಆಗಿದ್ದರೆ ಇದಕ್ಕೆ ಒಳ್ಳೆಯ ಅಂಕ ಬರುತ್ತಿರಲಿಲ್ಲ ಎಂದು ಬರೆದರು. ಟೊರ್ವಾಲ್ಡ್ಸ್ ಖಾರವಾಗಿಯೇ ತಿರುಗಿ ಬರೆದರು, ಸ್ವಲ್ಪದರಲ್ಲೇ ತಮ್ಮ ಧಾಟಿಗೆ ಕ್ಷಮೆಯನ್ನೂ ಕೇಳಿದರು. ವಾದ ಮಾತ್ರ ಬಿಡಲಿಲ್ಲ, ಇಬ್ಬರೂ. 2004ರಲ್ಲಿ ಲಿನಕ್ಸ್ ಮಿನಿಕ್ಸ್‌ನಿಂದ ಕದ್ದದ್ದು ಎಂಬ ಆರೋಪ ಬಂದಾಗ, ಹಾಗಲ್ಲ, ಅದನ್ನು ಟೊರ್ವಾಲ್ಡ್ಸ್ ತಾವೇ ಬರೆದದ್ದು ಎಂದು ಎಲ್ಲರ ಮುಂದೆ ಹೇಳಿದವರು ಅದೇ ಟನೆನ್‌ಬಾಮ್. ಕರ್ನಲ್ ವಿನ್ಯಾಸದ ಬಗ್ಗೆ ಮನಸ್ಸು ಬದಲಿಸಿಕೊಳ್ಳದೆಯೂ ಹಾಗೆ ಹೇಳಲು ಅವರಿಗೆ ಅಡ್ಡಿಯಾಗಲಿಲ್ಲ.

ಮುಂದೆ ಕರ್ನಲ್ ಬರೆಯುವವರ ನಡುವೆ ಟೊರ್ವಾಲ್ಡ್ಸ್ ಅವರ ಒರಟು ಮಿಂಚಂಚೆಗಳೇ ಹೆಸರಾದವು. 2018ರ ಸೆಪ್ಟೆಂಬರ್‌ನಲ್ಲಿ ಅವರು ಅದಕ್ಕೆ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರ ಉಳಿದರು, ಕರ್ನಲ್ ಬಳಗ ಹೊಸ ನಡತೆ ನಿಯಮವನ್ನು ಒಪ್ಪಿಕೊಂಡಿತು. ನಿಯಮ ಬಂದರೆ ಗುಣಮಟ್ಟ ಕೆಡುತ್ತದೆ ಎಂದು ಆಗ ಗುಲ್ಲೆದ್ದಿತ್ತು. ಕೆಲಸ ನಿಲ್ಲಲಿಲ್ಲ. ಅಕ್ಟೋಬರ್‌ನಲ್ಲಿ ಅವರು ವಾಪಸ್ ಬಂದರು, ಕರ್ನಲ್‌ನ ಹೊಸ ಆವೃತ್ತಿಗಳು ಎಂದಿನಂತೆ ಬರುತ್ತಲೇ ಇವೆ.

ಜಗಳ ಬಿಡಿಸುವಾಗ ನಾನು ಪಾಲಿಸುವುದು ಸರಳ. ಇಬ್ಬರು ಡಿಸ್ಟ್ರೋ ಹಿಡಿದು ಕಚ್ಚಾಡುತ್ತಿದ್ದರೆ ಯಾರು ಸರಿ ಎಂದು ತೀರ್ಪು ಕೊಡಲು ಹೋಗುವುದಿಲ್ಲ. ಆ ಚರ್ಚೆಯನ್ನು ಬೇರೆ ಎಳೆಗೆ ಕಳಿಸಿ, ಮೊದಲು ಕೇಳಿದವರ ಹೆಸರು ಹಿಡಿದು "ಎಲ್‌ಎಸ್‌ಪಿಸಿಐಯಲ್ಲಿ ಏನು ಬಂತು ಅಂತ ಹೇಳಿ" ಎಂದು ಬರೆಯುತ್ತೇನೆ. ಯಾರಾದರೂ ಮಾತು ಮೀರಿದ್ದರೆ ಎಲ್ಲರ ಮುಂದೆ ಛೀಮಾರಿ ಹಾಕುವುದಕ್ಕಿಂತ ಖಾಸಗಿಯಾಗಿ ಹೇಳಿದರೆ ಕೇಳುತ್ತಾರೆ. ಒಮ್ಮೆ ಎಲ್ಲರ ಮುಂದೆ ಮುಖಭಂಗವಾದವರು ತಮ್ಮದೇ ಸರಿ ಎಂದು ಸಾಧಿಸಲು ಇನ್ನೂ ನಾಲ್ಕು ದಿನ ಬರೆಯುತ್ತಾರೆ.

ಕೊನೆಗೆ ವೈಫೈ ಬಂದ ಮೇಲೆ "ಸರಿ ಹೋಯ್ತು, ಥ್ಯಾಂಕ್ಸ್" ಎಂದಷ್ಟೇ ಬರೆದು ಹೋಗಬೇಡಿ, ದಯವಿಟ್ಟು. ಬಿಸಿಎಂ43142, ಉಬುಂಟು ಯಾವ ಆವೃತ್ತಿ, ಡಬ್ಲ್ಯೂಎಲ್ ಡ್ರೈವರ್, ನೀಲಿ ಪರದೆಯಲ್ಲಿ ಎನ್‌ರೋಲ್ ಆರಿಸಿದ ಮೇಲೆ ಬಂತು, ಇಷ್ಟನ್ನು ಬರೆದು ತಲೆಬರಹದಲ್ಲಿ 'ಬಗೆಹರಿದಿದೆ' ಎಂದು ಸೇರಿಸಿ. ಅದೇ ಕಾರ್ಡ್ ಇರುವ ಇನ್ನೊಬ್ಬರು ಕನ್ನಡದಲ್ಲಿ ಹುಡುಕಿದಾಗ ಸಿಗುವುದು ನೀವು ಬರೆದ ಆ ಒಂದೆರಡು ಸಾಲೇ.