ಕಫದಲ್ಲಿ ಟಿಬಿ ಇಲ್ಲ, ಏದುಸಿರು ಹೋಗಿಲ್ಲ

ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದ ಟಿಬಿ ರೋಗಿಯ ಕಫವನ್ನು ಕೊನೆಗೊಮ್ಮೆ ಪರೀಕ್ಷೆ ಮಾಡುತ್ತಾರೆ. ರೋಗಾಣು ಕಾಣಿಸದಿದ್ದರೆ ದಾಖಲೆಯಲ್ಲಿ 'ಗುಣವಾಗಿದೆ' ಎಂದು ಬರೆಯುತ್ತಾರೆ. ಅದು ದೊಡ್ಡ ಗೆಲುವೇ, ಅನುಮಾನವಿಲ್ಲ. ಆದರೆ ಅದೇ ಮನುಷ್ಯ ಗಾರೆ ಕೆಲಸಕ್ಕೆ ವಾಪಸ್ ಹೋಗಿ, ಒಂದು ಬಾಂಡ್ಲಿ ಮರಳು ಹೊತ್ತು ಮೊದಲ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂದು ಕೂತುಬಿಟ್ಟರೆ, ಅದು ಆ ಗೆಲುವಿನ ಲೆಕ್ಕಕ್ಕೆ ಬರುವುದೇ ಇಲ್ಲ.

ಇಂಥವರು ಅಲ್ಲೊಬ್ಬರು ಇಲ್ಲೊಬ್ಬರು ಅಲ್ಲ. 1980ರಿಂದ 2019ರ ನಡುವೆ ಟಿಬಿ ಬಂದು ಪಾರಾದವರಲ್ಲಿ ಸುಮಾರು 15.5 ಕೋಟಿ ಜನ 2020ರಲ್ಲಿ ಬದುಕಿದ್ದರು ಎಂಬುದು ಸಂಶೋಧಕರ ಅಂದಾಜು. ಟಿಬಿಯಿಂದ ಕಳೆದುಹೋಗುವ ಆಯಸ್ಸು ಮತ್ತು ಆರೋಗ್ಯವನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದರೆ, ಅದರಲ್ಲಿ ಶೇ 47ರಷ್ಟು ಕಾಯಿಲೆ ವಾಸಿಯಾದ ನಂತರದ ಪಾಲು ಎಂದು 2021ರ ಇನ್ನೊಂದು ಅಧ್ಯಯನ ಹೇಳಿತು. ಹೆಚ್ಚುಕಮ್ಮಿ ಅರ್ಧ!

ರೋಗಾಣು ಸತ್ತ ಮೇಲೂ ಯಾಕೆ ಹೀಗೆ? ಶ್ವಾಸಕೋಶವನ್ನು ಜಾಸ್ತಿ ಹಾಳು ಮಾಡುವುದು ರೋಗಾಣುವಿನ ಮೇಲೆ ಮುಗಿಬೀಳುವ ನಮ್ಮದೇ ರಕ್ಷಣಾ ಕಣಗಳು. ಅವು ಸುರಿಸುವ ಕಿಣ್ವಗಳಲ್ಲಿ ಎಂಎಂಪಿ-1 ಎಂಬುದೊಂದಿದೆ. ಅದು ಕೊಲಾಜನ್ ಎಂಬ ನಾರನ್ನೇ ಕತ್ತರಿಸುತ್ತದೆ. ಗುಡಿಸಲಿಗೆ ಬಿದಿರಿನ ಗಳ ಹೇಗೋ ಶ್ವಾಸಕೋಶಕ್ಕೆ ಈ ನಾರು ಹಾಗೆ. ಅದು ತುಂಡಾದ ಜಾಗದಲ್ಲಿ ಪೊಳ್ಳು ಕುಳಿ ಬೀಳುತ್ತದೆ. ಗಾಯ ಮಾಗುವಾಗ ಸುತ್ತಲಿನ ಭಾಗ ಗಟ್ಟಿಯಾಗಿ ಸುಕ್ಕುಗಟ್ಟುತ್ತದೆ. ಗಾಳಿಯ ಕೊಳವೆಗಳು ಹಿಗ್ಗಿ ಸಡಿಲವಾಗುತ್ತವೆ. ಇದಕ್ಕೆ ಬ್ರಾಂಕಿಯೆಕ್ಟಸಿಸ್ ಎನ್ನುತ್ತಾರೆ. ಅಲ್ಲಿ ಕಫ ನಿಂತು ಮತ್ತೆ ಮತ್ತೆ ಸೋಂಕು. ಕೆಲವರಿಗೆ ಹಳೇ ಕುಳಿಯೊಳಗೆ ಆಸ್ಪರ್ಜಿಲಸ್ ಎಂಬ ಬೂಷ್ಟು ಉಂಡೆಯಾಗಿ ಬೆಳೆದು, ವರ್ಷಗಳ ನಂತರ ಕೆಮ್ಮಿದಾಗ ರಕ್ತ ಬರುತ್ತದೆ.

ಇದನ್ನು ಅಳೆಯುವುದು ಕಷ್ಟವೇನಲ್ಲ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಎದೆ ತುಂಬ ಉಸಿರು ಎಳೆದು ಒಂದೇ ರಭಸಕ್ಕೆ ಊದಿ ಅನ್ನುತ್ತಾರೆ. ಪಕ್ಕದಲ್ಲಿ ನಿಂತ ಟೆಕ್ನಿಷಿಯನ್ 'ಊದಿ, ಊದಿ, ಇನ್ನೂ ಊದಿ' ಎನ್ನುತ್ತಲೇ ಇರುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅನ್ನುವುದೇ ಮುಖ್ಯ ಸಂಖ್ಯೆ. ಇದೇ ಸ್ಪೈರೋಮೆಟ್ರಿ. ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿ ಟಿಬಿ ಚಿಕಿತ್ಸೆ ಮುಗಿಸಿದವರಿಗೆ ಹೀಗೆ ಊದಿಸಿ, ಸಿಟಿ ಸ್ಕ್ಯಾನ್ ಕೂಡ ಮಾಡಿದರು. ಮೂವರಲ್ಲಿ ಒಬ್ಬರ ಉಸಿರಾಟ ಸರಿಯಿರಲಿಲ್ಲ. ಶೇ 44ರಷ್ಟು ಜನರಲ್ಲಿ ಗಾಳಿ ಕೊಳವೆಗಳು ಹಿಗ್ಗಿದ್ದವು. ಎಲ್ಲರೂ ದಾಖಲೆಯ ಪ್ರಕಾರ ಚಿಕಿತ್ಸೆ ಮುಗಿಸಿದವರೇ.

ಮುಂದೇನು ಮಾಡಬೇಕು ಅನ್ನುವಲ್ಲಿ ವೈದ್ಯರ ಕೈಯೂ ಕಟ್ಟಿದೆ. ದಮ್ಮಿನ ಕಾಯಿಲೆಯ ಔಷಧಗಳನ್ನು ಪರೀಕ್ಷಿಸುವಾಗ ಹಿಂದೆ ಟಿಬಿ ಬಂದವರನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ಹಾಗಾಗಿ ಇನ್‌ಹೇಲರ್ ಬರೆದುಕೊಡುವವರಿಗೂ ಅದು ಇವರಿಗೆ ಎಷ್ಟು ನಾಟುತ್ತದೆ ಎಂದು ಖಚಿತವಾಗಿ ಹೇಳಲು ಆಧಾರ ಸಾಲದು. ಎಕ್ಸ್‌ರೇಯಲ್ಲಿ ಹಳೇ ಕಲೆ ಕಂಡು, ಟಿಬಿ ಮರುಕಳಿಸಿದೆ ಎಂದುಕೊಂಡು ಸುಮ್ನೆ ಮತ್ತೆ ಆರು ತಿಂಗಳ ಮಾತ್ರೆ ಶುರು ಮಾಡುವುದೂ ಉಂಟು.

ಸಂಶೋಧನೆಗೆ ದುಡ್ಡು ಬೇಕು. 2018ರಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಟಿಬಿ ಸಂಶೋಧನೆಗೆ ವರ್ಷಕ್ಕೆ 200 ಕೋಟಿ ಡಾಲರ್ ಕೊಡುವ ಮಾತಾಗಿತ್ತು. 2022ರಲ್ಲಿ ಬಂದದ್ದು ಅದರ ಅರ್ಧ. ಬಂದ ಹಣದಲ್ಲೂ ದೊಡ್ಡ ಪಾಲು ಹೊಸ ಔಷಧಕ್ಕೆ ಹೋಗುತ್ತದೆ. ಅದು ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಟಿಬಿಗೆ ಹಣ ಕೊಡುವವರಿಗೆ ಇವರು 'ಗುಣವಾದವರು', ದಮ್ಮಿಗೆ ಹಣ ಕೊಡುವವರಿಗೆ ಇವರು 'ಟಿಬಿಯವರು'. ಎರಡೂ ಕಡೆ ಇವರಿಗೆ ಜಾಗವಿಲ್ಲ. ಮೇಲಾಗಿ ಅತಿ ಹೆಚ್ಚು ಹಣ ಕೊಡುತ್ತಿದ್ದ ಅಮೆರಿಕ ಸರ್ಕಾರ 2025ರಲ್ಲಿ ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ತನ್ನ ಯುಎಸ್‌ಎಯ್ಡ್ ಸಂಸ್ಥೆಯನ್ನೇ ಮುಚ್ಚಿತು.

ನನಗೆ ಇದಕ್ಕಿಂತ ದೊಡ್ಡ ತೊಡಕು ಅನ್ನಿಸುವುದು ಅವಧಿಯದು. ಎರಡು ಮೂರು ವರ್ಷಕ್ಕೆ ಹಣ ಕೊಟ್ಟು ವರದಿ ಕೇಳುವುದು ಸಾಮಾನ್ಯ ರೂಢಿ. ಶ್ವಾಸಕೋಶ ಚೇತರಿಸಿಕೊಂಡಿತೋ ಕುಗ್ಗುತ್ತಾ ಹೋಯಿತೋ ಅಂತ ತಿಳಿಯಬೇಕಾದರೆ ಅದೇ ಜನರನ್ನು ವರ್ಷಾನುಗಟ್ಟಲೆ ಕರೆದು ಊದಿಸಬೇಕು, ಅಲ್ವಾ? ಅಂಥ ಕೆಲಸಕ್ಕೆ ಜರ್ಮನ್ ಸರ್ಕಾರ ಹಣ ಕೊಟ್ಟದ್ದರಿಂದ 'ಟಿಬಿ ಸೀಕ್ವೆಲ್' ಅಧ್ಯಯನ ಗ್ಯಾಂಬಿಯಾ, ಮೊಜಾಂಬಿಕ್, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳಲ್ಲಿ ಸಾಧ್ಯವಾಯಿತು.

ಔಷಧದ ಆಸೆಯೂ ಇದೆ. ಡಾಕ್ಸಿಸೈಕ್ಲಿನ್ ಎಂಬ ಹಳೇ, ಅಗ್ಗದ ಮಾತ್ರೆ ಆ ಎಂಎಂಪಿ ಕಿಣ್ವಗಳನ್ನು ತಗ್ಗಿಸುತ್ತದೆ ಎಂದು ಸಿಂಗಾಪುರದ ಸಣ್ಣ ಪ್ರಯೋಗವೊಂದು 2021ರಲ್ಲಿ ತೋರಿಸಿತು. ಉಸಿರಾಟ ನಿಜಕ್ಕೂ ಸುಧಾರಿಸುತ್ತದೆಯೇ ಎಂದು ನೋಡಲು ದೊಡ್ಡ ಪ್ರಯೋಗಗಳೇ ಬೇಕು.

ಜಗತ್ತಿನ ಟಿಬಿ ರೋಗಿಗಳಲ್ಲಿ ಕಾಲು ಭಾಗ ನಮ್ಮ ದೇಶದವರು. ಇಲ್ಲಿ ಹಣ ಹಾಕಿದರೆ ಉತ್ತರ ಸಿಗುತ್ತದೆ ಅನ್ನುವುದಕ್ಕೆ ಉದಾಹರಣೆಯೂ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ಜಾರ್ಖಂಡದಲ್ಲಿ ರೋಗಿಗಳ ಮನೆಮಂದಿಗೆ ರೇಷನ್ ಕೊಟ್ಟು ನೋಡಿತು. ಮನೆಯವರಿಗೆ ಟಿಬಿ ಬರುವುದು ಸುಮಾರು ಶೇ 40ರಷ್ಟು ಇಳಿಯಿತು.

ನಮ್ಮ ರಾಷ್ಟ್ರೀಯ ಟಿಬಿ ಕಾರ್ಯಕ್ರಮದ ನಿಯಮದ ಪ್ರಕಾರ ಚಿಕಿತ್ಸೆ ಮುಗಿಸಿದವರನ್ನು 6, 12, 18 ಮತ್ತು 24ನೇ ತಿಂಗಳಿಗೆ ಮತ್ತೆ ವಿಚಾರಿಸಬೇಕು. ಕಾಯಿಲೆ ಮರುಕಳಿಸಿತೇ ಎಂದು ನೋಡುವುದು ಅದರ ಉದ್ದೇಶ. ಒಂದೆರಡು ಜಿಲ್ಲೆಗಳಲ್ಲಾದರೂ ಆ ನಾಲ್ಕು ಸಲವೂ ಸ್ಪೈರೋಮೀಟರಿಗೆ ಊದಿಸಿ ಬರೆದಿಡಲು, ಆಮೇಲೂ ಐದಾರು ವರ್ಷ ಅವರ ಬೆನ್ನು ಹತ್ತಲು ಐಸಿಎಂಆರ್ ಅಥವಾ ರಾಜ್ಯ ಸರ್ಕಾರ ಹಣ ಕೊಡಲಿ. ಯಂತ್ರ, ಒಬ್ಬ ತರಬೇತಾದ ಟೆಕ್ನಿಷಿಯನ್, ದಿನಗೂಲಿ ಬಿಟ್ಟು ಬಂದವರಿಗೆ ಬಸ್ ಚಾರ್ಜಿನ ಜೊತೆ ಆ ದಿನದ ಕೂಲಿ: ಶುರು ಮಾಡಲು ಇಷ್ಟು ಸಾಕು.