ಕಾಮಾಲೆ ಇಳಿಸಿದ್ದು ನೆಲನೆಲ್ಲಿಯೋ, ಲಿವರ್ರೋ?

‘ಕಾಮಾಲೆಗೆ ಇಂಗ್ಲಿಷ್ ಔಷಧಿ ಇಲ್ಲ, ನಾಟಿ ಮದ್ದೇ ಆಗಬೇಕು.’ ಈ ಮಾತನ್ನು ಚೆನ್ನಾಗಿ ಓದಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಮೊದಲರ್ಧ ಬಹುಮಟ್ಟಿಗೆ ನಿಜ. ಹೊಲಸು ನೀರಿನಿಂದ ಬರುವ ಹೆಪಟೈಟಿಸ್ ಎ, ಇ ವೈರಸ್‌ಗಳಿಗೆಂದೇ ವಾಡಿಕೆಯಲ್ಲಿ ಕೊಡುವ ಮಾತ್ರೆಯಿಲ್ಲ. ‘ವಿಶ್ರಾಂತಿ ತಗೊಳ್ಳಿ, ವಾರ ಬಿಟ್ಟು ಬನ್ನಿ’ ಅನ್ನುತ್ತಾರೆ ಡಾಕ್ಟರು. ರೋಗಿಯ ಕಿವಿಗೆ ಅದು ಕೈಚೆಲ್ಲಿದ ಹಾಗೆ ಕೇಳಿಸುತ್ತದೆ. ಅಲ್ಲಿಂದ ನೇರ ನಾಟಿ ಪಂಡಿತರ ಮನೆಗೆ. ಅವರು ಬೇರುಸಮೇತ ಕಿತ್ತ ನೆಲನೆಲ್ಲಿಯನ್ನು ನುಣ್ಣಗೆ ಅರೆದು, ಹಾಲಿಗೋ ಮಜ್ಜಿಗೆಗೋ ಕದಡಿ, ಖಾಲಿ ಹೊಟ್ಟೆಗೆ ಕುಡಿಸುತ್ತಾರೆ. ಎಣ್ಣೆ, ಖಾರ ಮುಟ್ಟುವಂತಿಲ್ಲ. ಕೆಲವು ದಿನಗಳಲ್ಲಿ ಹಸಿವು ಮರಳುತ್ತದೆ, ಕಣ್ಣು ತಿಳಿಯಾಗುತ್ತಾ ಬರುತ್ತದೆ. ಗುಣವಾಗದಿದ್ದರೆ ತಪ್ಪು ಪಥ್ಯ ಕೆಡಿಸಿದವನದು.

ಗುಣವಾಗುವುದು ಸುಳ್ಳಲ್ಲ. ಆದರೆ ಕಾಮಾಲೆಯಷ್ಟು ಮೋಸಗಾರ ಕಾಯಿಲೆ ಇನ್ನೊಂದಿಲ್ಲ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಕಾಳಗ ಅರ್ಧ ಮುಗಿದಿರುತ್ತದೆ. ಹೆಪಟೈಟಿಸ್ ಎ ವೈರಸ್ ಒಳಹೊಕ್ಕು ಸುಮಾರು ನಾಲ್ಕು ವಾರ ಸದ್ದಿಲ್ಲದೆ ಲಿವರಿನಲ್ಲಿ ಬೆಳೆಯುತ್ತದೆ. ಮಲದಲ್ಲಿ ಅದು ಅತಿ ಹೆಚ್ಚು ಹೊರಬೀಳುವುದು ಕಣ್ಣು ಹಳದಿಯಾಗುವುದಕ್ಕೆ ಒಂದೆರಡು ವಾರ ಮೊದಲು. ಲಿವರಿನ ಜೀವಕೋಶಗಳನ್ನು ಹೆಚ್ಚಾಗಿ ಕೊಲ್ಲುವುದೂ ವೈರಸ್ಸಲ್ಲ. ಸೋಂಕು ತಗಲಿದ ಕೋಶಗಳನ್ನು ಗುರುತಿಸಿ ಕೊಲ್ಲುವ ನಮ್ಮದೇ ರೋಗನಿರೋಧಕ ಕಣಗಳು. ಈ ಸಂಹಾರದಲ್ಲಿ ಊದಿಕೊಂಡ ಲಿವರಿಗೆ ತನ್ನ ದಿನನಿತ್ಯದ ಕೆಲಸವೊಂದು ತಪ್ಪಿಹೋಗುತ್ತದೆ. ಸುಮಾರು 120 ದಿನ ಬಾಳಿ ಸತ್ತ ಕೆಂಪು ರಕ್ತಕಣಗಳಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತಲೇ ಇರುತ್ತದೆ. ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತರಸದೊಂದಿಗೆ ಹೊರಹಾಕಬೇಕಾದ್ದು ಲಿವರು. ಆಗದಿದ್ದಾಗ ಅದು ರಕ್ತಕ್ಕೆ ಮರಳಿ, ಮೂತ್ರ ಗಾಢವಾಗಿ, ಕಣ್ಣು ಹಳದಿಯಾಗುತ್ತದೆ. ಅಂದರೆ ಹಳದಿ ಬಣ್ಣ ದೇಹ ತಿರುಗಿಬಿದ್ದಿದೆ ಎಂಬುದರ ಗುರುತು ಕೂಡ.

ಇನ್ನೊಂದು ಸ್ವಾರಸ್ಯ ಕೊನೆಯಲ್ಲಿದೆ. ಹೀಗೆ ರಕ್ತಕ್ಕೆ ಮರಳಿದ ಬಿಲಿರುಬಿನ್‌ನಲ್ಲಿ ಒಂದಿಷ್ಟು ಭಾಗ ಆಲ್ಬುಮಿನ್ ಎಂಬ ಪ್ರೋಟೀನಿಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಆಲ್ಬುಮಿನ್ ಅರ್ಧದಷ್ಟು ಕರಗಲಿಕ್ಕೇ ಸುಮಾರು ಮೂರು ವಾರ ಬೇಕು. ಹಾಗಾಗಿ ಲಿವರು ಸುಧಾರಿಸಿ, ಮೂತ್ರ ತಿಳಿಯಾಗಿ, ಹಸಿವು ಮರಳಿದ ಮೇಲೂ ಹಳದಿ ಉಳಿದಿರುತ್ತದೆ, ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೂ ಅಂಗೈಯಲ್ಲಿ ಉಳಿದ ಗೋರಂಟಿಯ ಹಾಗೆ. ಈ ಅವಧಿಯಲ್ಲಿ ಏನು ಕುಡಿಸಿದರೂ, ಬರೀ ಮಜ್ಜಿಗೆಯನ್ನೇ ಕುಡಿಸಿದರೂ, ಗುಣವಾದ ಕೀರ್ತಿ ಅದಕ್ಕೇ.

ನೆಲನೆಲ್ಲಿಯ ಸುಳಿವೇ ಇಲ್ಲದೆ ಗುಣವಾದವರಲ್ಲಿ ನನಗೆ ಪ್ರಿಯನಾದವನು ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಾಯನ್. ಅಫ್ಘಾನಿಸ್ತಾನದಲ್ಲಿದ್ದ ಸೋವಿಯತ್ ಸೈನಿಕರಿಗೆ ಕಾಮಾಲೆ ಹರಡಿದಾಗ, ಅದು ಎ ವೈರಸ್ಸಲ್ಲ ಎಂದು ತೋರಿಸಲು ಈತ ರೋಗಿಗಳ ಮಲದ ಸಾರವನ್ನು ತಾನೇ ಕುಡಿದ. ಎ ವೈರಸ್ ಹಿಂದೆಯೇ ಬಂದು ಹೋಗಿದ್ದರಿಂದ ಅದು ಅವನಿಗೆ ಮತ್ತೆ ತಗಲುವಂತಿರಲಿಲ್ಲ. ಒಂದು ತಿಂಗಳು ದಾಟುವಷ್ಟರಲ್ಲಿ ಕಾಯಿಲೆ ಬಂತು, ಹೋಯಿತು. ಆತನ ಮಲದಲ್ಲೇ ಹೊಸ ವೈರಸ್ಸಿನ ಕಣಗಳು ಸೂಕ್ಷ್ಮದರ್ಶಕಕ್ಕೆ ಕಂಡವು. 1983ರಲ್ಲಿ ಪ್ರಕಟವಾದ ಆ ವೈರಸ್ಸನ್ನೇ ನಾವೀಗ ಹೆಪಟೈಟಿಸ್ ಇ ಎನ್ನುವುದು. 1955ರ ಕೊನೆಯಲ್ಲಿ ದೆಹಲಿಯ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29,000 ಮಂದಿಯನ್ನು ಮಲಗಿಸಿದ್ದೂ ಇದೇ.

ಎಲ್ಲ ಕಾಮಾಲೆಯೂ ಇಷ್ಟು ಸಾಧುವಲ್ಲ. ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ಪ್ರಾಣಾಂತಿಕ. ಪಿತ್ತನಾಳಕ್ಕೆ ಕಲ್ಲು ಅಡ್ಡ ಬಂದರೂ, ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದರೂ ಕಣ್ಣು ಹಳದಿಯೇ. ಅಲ್ಲಿ ಪಥ್ಯ ಮಾಡುತ್ತ ಕಳೆದ ಪ್ರತಿ ವಾರವೂ ನಷ್ಟ. ಮಂಪರು, ಅಸಂಬದ್ಧ ಮಾತು, ರಕ್ತಸ್ರಾವ ಕಂಡರೆ ಆಸ್ಪತ್ರೆಗೆ ಓಡಬೇಕು. ಕಾಮಾಲೆಗೆಂದು ಎಳೆಗೂಸಿನ ಮೈಗೆ ಬರೆ ಎಳೆಯುವವರು ಇನ್ನೂ ಇದ್ದಾರೆ. ಅವರ ಬಗ್ಗೆ ತಾಳ್ಮೆಯಿಂದ ಬರೆಯಲು ನನಗೆ ಬರುವುದಿಲ್ಲ.

ಹಾಗಾದರೆ ನೆಲನೆಲ್ಲಿ ಬರೀ ಕಳೆಯೇ? ಹಾಗೆ ತಳ್ಳಿಹಾಕುವಂತಿಲ್ಲ. ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೇ ಇದರ ಬೆನ್ನುಹತ್ತಿದ್ದರು. ಆ ವೈರಸ್ ತನ್ನ ನಕಲು ತೆಗೆಯಲು ಬಳಸುವ ಪಾಲಿಮರೇಸ್ ಕಿಣ್ವವನ್ನು ಈ ಗಿಡದ ಸಾರ ಪ್ರನಾಳದಲ್ಲಿ ತಡೆಯುತ್ತದೆಂದು ಅವರ ತಂಡ 1987ರಲ್ಲಿ ವರದಿ ಮಾಡಿತು. ಮರುವರ್ಷ ಎಸ್.ಪಿ. ತ್ಯಾಗರಾಜನ್ ಮತ್ತು ಬ್ಲೂಮ್‌ಬರ್ಗ್ ಮೊದಲಾದವರ ಪ್ರಯೋಗ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವೈರಸ್ಸನ್ನು ಬಹುಕಾಲದಿಂದ ಹೊತ್ತವರಿಗೆ 30 ದಿನ ಮದ್ದು ಕೊಟ್ಟಾಗ 37ರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಮೇಲ್ಮೈ ಪ್ರೋಟೀನ್ ಮಾಯವಾಗಿತ್ತು. ಹುಸಿಮದ್ದು ಪಡೆದ 23ರಲ್ಲಿ ಒಬ್ಬರಿಗೆ ಮಾತ್ರ. ಇಲ್ಲಿ ಹೋಲಿಸಲು ಇನ್ನೊಂದು ಗುಂಪಿತ್ತು ಎಂಬುದೇ ಪಂಡಿತರ ಮನೆಗೂ ಇದಕ್ಕೂ ಇರುವ ಅಂತರ.

ಬೇರೆಯವರು ಅದನ್ನೇ ಮಾಡಿ ನೋಡಿದರು. ಥಾಯ್ಲೆಂಡಿನಲ್ಲಿ ಫಲಿಸಲಿಲ್ಲ, ನ್ಯೂಜಿಲೆಂಡಿನಲ್ಲೂ ಫಲಿಸಲಿಲ್ಲ. ಗಿಡವೇ ಬೇರೆಯಿತ್ತೇ ಎಂಬ ಚರ್ಚೆ ನಡೆಯಿತು, ಅದೇನೂ ಕುಂಟುನೆಪವಲ್ಲ. ಕಡ್ಡಿಯ ಅಡಿಯಲ್ಲಿ ಪುಟ್ಟ ಕಾಯಿ ಸಾಲಾಗಿ ಬಿಡುವ ಗಿಡಗಳು ನೆಲನೆಲ್ಲಿ ಸೇರಿರುವ ಫಿಲಾಂತಸ್ ಕುಲದಲ್ಲಿ ಹಲವಿವೆ. ಬ್ಲೂಮ್‌ಬರ್ಗ್ ತಂಡದ 1987ರ ವರದಿಯಲ್ಲಿ ಫಿಲಾಂತಸ್ ನಿರೂರಿ ಎಂದಿದ್ದ ಹೆಸರು ಮರುವರ್ಷ ಫಿಲಾಂತಸ್ ಅಮಾರಸ್ ಆಗಿದೆ. ಆದರೂ ನನ್ನ ಅನುಮಾನ ಇರುವುದು ಗಿಡದ ಮೇಲಲ್ಲ, 22ರ ಮೇಲೆ. ಅದೇ ಪಾಲಿಮರೇಸನ್ನು ತಡೆಯುವ ಟೆನೊಫೊವಿರ್ ಮಾತ್ರೆ ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ವೈರಸ್ಸನ್ನು ಚೆನ್ನಾಗಿ ಅದುಮಿಡುವ ಈ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೂ ಆ ಮೇಲ್ಮೈ ಪ್ರೋಟೀನ್ ಪೂರ್ತಿ ಮಾಯವಾಗುವವರು ತೀರ ವಿರಳ.