ಕುದಿಸಬಾರದ ಸೊಪ್ಪು

ಹೂವಾಡಗಿತ್ತಿಯರು ಮಾಲೆಗೆ ಸೇರಿಸಿ ಕಟ್ಟುವ ದವನದ ಕುಲಕ್ಕೇ ಸೇರಿದ ಗಿಡವೊಂದು ಚೀನಾದಲ್ಲಿ ಶತಮಾನಗಳಿಂದ ಜ್ವರದ ಮದ್ದು. ಅಲ್ಲಿ ಅದು ಚಿಂಗ್‌ಹಾವ್. ಸಸ್ಯಶಾಸ್ತ್ರದಲ್ಲಿ ಆರ್ಟಿಮೀಸಿಯಾ ಆನ್ಯುವಾ.

ನಾಲ್ಕನೇ ಶತಮಾನದ ವೈದ್ಯ ಗೆ ಹೊಂಗ್ ಬರೆದಿಟ್ಟ ವಿಧಾನ ಬಲು ಚಿಕ್ಕದು: ಒಂದು ಹಿಡಿ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸವನ್ನೆಲ್ಲ ಕುಡಿಯಬೇಕು. ವಿಯೆಟ್ನಾಂ ಯುದ್ಧದಲ್ಲಿ ಸೈನಿಕರು ಮಲೇರಿಯಾಕ್ಕೆ ಬಲಿಯಾಗುತ್ತಿದ್ದಾಗ, 1967ರಲ್ಲಿ ಚೀನಾ ಗುಟ್ಟಾಗಿ ‘ಯೋಜನೆ 523’ ಶುರುಮಾಡಿತು. ಬೀಜಿಂಗ್‌ನ ವಿಜ್ಞಾನಿ ತು ಯೂಯೂ ಅವರ ತಂಡ ಹಳೆಯ ಗ್ರಂಥಗಳಲ್ಲಿದ್ದ ಮದ್ದುಗಳನ್ನೆಲ್ಲ ಜಾಲಾಡಿತು. ಚಿಂಗ್‌ಹಾವ್ ಸಾರ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೈಕೊಡುತ್ತಿತ್ತು. ಗೆ ಹೊಂಗ್‌ನ ಸಾಲನ್ನು ಮತ್ತೆ ಓದಿದಾಗ ಅವರಿಗೆ ಹೊಳೆದದ್ದು, ಅಲ್ಲಿ ಕುದಿಸುವ ಮಾತೇ ಇಲ್ಲ ಎಂಬುದು. ಬಿಸಿಗೆ ಮದ್ದಿನ ಅಂಶ ಹಾಳಾಗುತ್ತಿರಬಹುದೇ? ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ಈಥರ್ ಎಂಬ ದ್ರಾವಕ ಬಳಸಿ ಅವರು ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ ಆ ಸಾರ ಇಲಿಗಳ ರಕ್ತದಲ್ಲಿದ್ದ ಮಲೇರಿಯಾ ಪರಾವಲಂಬಿಗಳನ್ನು ಪೂರ್ತಿ ಅಳಿಸಿತು. 2015ರಲ್ಲಿ ತು ಅವರಿಗೆ ನೊಬೆಲ್ ಬಂತು. ಹಳೆಯ ಗ್ರಂಥವನ್ನು ಪೂಜಿಸದೆ, ತಳ್ಳಿಯೂ ಹಾಕದೆ, ಅದರ ಮಾತನ್ನು ಪರೀಕ್ಷೆಗೆ ಒಡ್ಡಿದ ಆ ಮನೋಭಾವಕ್ಕೆ ನಾನು ತಲೆಬಾಗುತ್ತೇನೆ.

ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೇಲೆಲ್ಲ ಸಣ್ಣ ಹೊಳಪಿನ ಚುಕ್ಕೆಗಳು. ಅವೇ ಗ್ರಂಥಿಗಳು, ಆರ್ಟಿಮಿಸಿನಿನ್ ಎಂಬ ಆ ಮದ್ದಿನ ಅಂಶ ತಯಾರಾಗಿ ಶೇಖರವಾಗುವುದು ಅಲ್ಲೇ. ಅದರ ಅಣುವಿನಲ್ಲಿ ಎರಡು ಆಮ್ಲಜನಕ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡಿವೆ. ಮಲೇರಿಯಾ ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ ತಿಂದು ಅರಗಿಸುವಾಗ ಕಬ್ಬಿಣದ ಅಂಶ ಹೊರಬೀಳುತ್ತದೆ. ಅದು ತಾಗಿದೊಡನೆ ಈ ಆಮ್ಲಜನಕದ ಬಂಧ ಮುರಿದು, ಹುಟ್ಟುವ ಉಗ್ರ ಕಣಗಳು ಪರಾವಲಂಬಿಯ ಪ್ರೋಟೀನುಗಳನ್ನೇ ಕೆಡಿಸುತ್ತವೆ. ತಿಂದ ರಕ್ತವೇ ಅದಕ್ಕೆ ಮುಳುವಾಗುತ್ತದೆ.

ಕೈತೋಟದಲ್ಲಿ ಬೆಳೆಯುವುದು ಕಷ್ಟವಲ್ಲ. ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬೆಳಕು ಬೇಕು. ಹಾಗಾಗಿ ಮಣ್ಣು ಮುಚ್ಚದೆ ಮೇಲೆಯೇ ಚೆಲ್ಲಿ, ನೀರು ಚಿಮುಕಿಸಿದರೆ ಸಾಕು. ಸಸಿ ಗೇಣುದ್ದವಾದಾಗ ಬಿಸಿಲು ಬೀಳುವ, ನೀರು ನಿಲ್ಲದ ಜಾಗಕ್ಕೆ ಕಿತ್ತು ನೆಡಬಹುದು. ಚೀನಾದ ಬೇಸಿಗೆಯ ದೀರ್ಘ ಹಗಲಲ್ಲಿ ಇದು ಆಳೆತ್ತರ ಮೀರಿ ಬೆಳೆಯುತ್ತದೆ. ಹಗಲು ಹದಿಮೂರೂವರೆ ಗಂಟೆಗಿಂತ ಕಡಿಮೆಯಾಯಿತೆಂದರೆ ಹೂ ಬಿಡಲು ಹೊರಡುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲೇ ಹದಿಮೂರು ಗಂಟೆ ಮುಟ್ಟುವುದಿಲ್ಲ! ಅದಕ್ಕೇ ಇಲ್ಲಿ ಸಾಮಾನ್ಯ ತಳಿಯ ಗಿಡ ಗಿಡ್ಡವಾಗಿರುವಾಗಲೇ ಮೊಗ್ಗು ಬಿಟ್ಟುಬಿಡುತ್ತದೆ. ಉಷ್ಣವಲಯದಲ್ಲಿ ತಡವಾಗಿ ಹೂ ಬಿಡುವ ತಳಿಗಳೇ ಬೇಕು. ಸೊಪ್ಪು ಕೊಯ್ಯುವುದು ಮೊಗ್ಗು ಬರುವ ಹೊತ್ತಿಗೆ, ಒಣಗಿಸುವುದು ನೆರಳಲ್ಲಿ. ಪರಾಗ ಗಾಳಿಯಲ್ಲಿ ಹಾರುವುದರಿಂದ ಅಲರ್ಜಿ ಇರುವವರು ಹೂ ಬಿಡುವ ಮೊದಲೇ ಕತ್ತರಿಸುವುದು ಲೇಸು.

ಪರಿಮಳಕ್ಕೆ, ಕುತೂಹಲಕ್ಕೆ ಧಾರಾಳವಾಗಿ ಬೆಳೆಯಿರಿ. ಆದರೆ ಮಲೇರಿಯಾಕ್ಕೆಂದು ಕಷಾಯ ಮಾಡಿ ಕುಡಿಯಬೇಡಿ. ಆರ್ಟಿಮಿಸಿನಿನ್ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಗಿಡದಿಂದ ಗಿಡಕ್ಕೆ ಅದರ ಪ್ರಮಾಣವೂ ಬೇರೆ. ಅರೆಬರೆ ಪ್ರಮಾಣ ಹೊಟ್ಟೆಗೆ ಹೋದರೆ ರೋಗ ಉಳಿಯುತ್ತದೆ, ಬದುಕುಳಿದ ಪರಾವಲಂಬಿ ಮದ್ದಿಗೆ ಬಗ್ಗದಂತಾಗುವ ಅಪಾಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಈ ಗಿಡದ ಚಹಾ, ಪುಡಿಗಳನ್ನು ಒಪ್ಪದಿರುವುದು ಇದರಿಂದಲೇ. ಪಶ್ಚಿಮ ಕಾಂಬೋಡಿಯಾದಲ್ಲಿ ಆರ್ಟಿಮಿಸಿನಿನ್‌ಗೆ ಜಗ್ಗದ ಪರಾವಲಂಬಿಗಳು ಈಗಾಗಲೇ ಕಾಣಿಸಿಕೊಂಡಿವೆ. ಇವತ್ತು ವೈದ್ಯರು ಈ ಮದ್ದನ್ನು ಒಂಟಿಯಾಗಿ ಕೊಡದೆ ಇನ್ನೊಂದು ಔಷಧದ ಜೊತೆಗೇ ಕೊಡುತ್ತಾರೆ. ಚಳಿಜ್ವರ ಬಂದರೆ ಮೊದಲು ರಕ್ತಪರೀಕ್ಷೆ ಮಾಡಿಸಿ, ಆಮೇಲೆ ಅವರು ಬರೆದುಕೊಟ್ಟ ಮಾತ್ರೆಗಳನ್ನು ಪೂರ್ತಿ ಮುಗಿಸಿ.